ಅಮ್ಮನ ಬೀಡಿ ಲೆಕ್ಕ: ಈ ಕೂಲಿಯಲ್ಲಿ ಬದುಕಲಿಕ್ಕೆ ಆಗ್ತದಾ?

ಬೀಡಿ ಮನೆಯ ಮಗಳು, ಪೈವಳಿಕೆ

ಎಲ್ಲರಿಗೂ ನಮಸ್ಕಾರ. ನಾನು ಕೇರಳದ ಕಾಸರಗೋಡು ಜಿಲ್ಲೆಯ ಪೈವಳಿಕೆಯವಳು. ಸ್ವಲ್ಪ ಉದ್ದ ಉಂಟು, ದಯವಿಟ್ಟು ಪೂರ್ತಿ ಓದಿ.

ನನ್ನ ಅಮ್ಮ ಬೀಡಿ ಕಟ್ಟಲಿಕ್ಕೆ ಶುರು ಮಾಡಿ 31 ವರ್ಷ ಆಯ್ತು. ನಾವು ಮೂರು ಮಕ್ಕಳು ಶಾಲೆಗೆ ಹೋದದ್ದು, ಅಕ್ಕನ ಮದುವೆ, ಮುಳಿ ತೆಗೆದು ಹಂಚು ಹಾಕಿದ್ದು, ಎಲ್ಲದರಲ್ಲೂ ಆ ಗೆರಸೆಯ ಪಾಲು ಉಂಟು. ಕಳೆದ ತಿಂಗಳು ರಜೆಯಲ್ಲಿ ಮನೆಯಲ್ಲಿದ್ದಾಗ ನಾನು ಒಂದು ವಾರ ಅಮ್ಮನ ಪಕ್ಕದಲ್ಲಿ ಕೂತು ಎಲ್ಲ ಬರೆದಿಟ್ಟೆ. ಎಷ್ಟು ಹೊತ್ತಿಗೆ ಕೂತಳು, ಎಷ್ಟು ಹೊತ್ತಿಗೆ ಎದ್ದಳು, ಎಲೆ ಎಷ್ಟು, ಪುಡಿ ಎಷ್ಟು, ಎಲೆ, ಪುಡಿ ಕೊಟ್ಟು ಕಟ್ಟಿದ ಬೀಡಿ ತೆಗೆದುಕೊಳ್ಳುವ ಕಂಪನಿಯ ಬ್ರಾಂಚಿನಲ್ಲಿ ಎಷ್ಟು ತೆಗೆದುಕೊಂಡರು, ಎಷ್ಟು ಬದಿಗಿಟ್ಟರು.

ನೋಡಿದವರಿಗೆ ಬೀಡಿ ಅಂದರೆ ಸುರುಟುವುದು ಮಾತ್ರ. ಹಾಗಲ್ಲ. ಎಲೆ ನೀರಿಗೆ ಹಾಕಿ ಒದ್ದೆ ಬಟ್ಟೆಯಲ್ಲಿ ಸುತ್ತಿ ಇಡಬೇಕು. ಹದ ಬಂದ ಮೇಲೆ ತಗಡಿನ ಅಚ್ಚು ಇಟ್ಟು ಕತ್ತರಿಸಬೇಕು. ತೂತು ಇದ್ದ ಎಲೆ, ನಾರು ದಪ್ಪ ಇದ್ದ ಎಲೆ ಹೋಯ್ತು. ಮತ್ತೆ ಪುಡಿ ತುಂಬಿ ಸುರುಟಿ, ತಲೆ ಮಡಚಿ, ನೂಲು ಸುತ್ತಬೇಕು. ಅಮ್ಮನ ಎಡಗೈ ಹೆಬ್ಬೆರಳಿನ ಉಗುರು ಒಂದು ಬದಿಗೆ ಸವೆದು ಓರೆಯಾಗಿದೆ. ಮೊದಲು ಅದನ್ನು ನಾನು ಗಮನಿಸಿಯೇ ಇರಲಿಲ್ಲ.

ಆ ವಾರ ಅಮ್ಮ ಕಟ್ಟಿದ್ದು 3,800. ಅದರಲ್ಲಿ 250 ರಿಜೆಕ್ಟ್. ಆ ಬೀಡಿಗೆ ದುಡ್ಡೂ ಇಲ್ಲ, ಬೀಡಿ ವಾಪಸೂ ಇಲ್ಲ. ಉಳಿದ 3,550ಕ್ಕೆ ಸಿಕ್ಕಿದ್ದು 887 ರೂಪಾಯಿ. ಕೊಟ್ಟ ಎಲೆ ಸಾಲದೆ ಕೈಯಿಂದ 75 ರೂಪಾಯಿ ಎಲೆಗೆ ಹೋಯ್ತು. ಮಿಕ್ಕಿದ್ದು 812. ಎಲೆ ಕತ್ತರಿಸಿದ್ದು, ಬ್ರಾಂಚಿನಲ್ಲಿ ಸಾಲಿನಲ್ಲಿ ನಿಂತದ್ದು ಸೇರಿ 64 ಗಂಟೆ. ಗಂಟೆಗೆ 13 ರೂಪಾಯಿ ಕೂಡ ಬೀಳಲಿಲ್ಲ.

ಲೆಕ್ಕ ಓದಿ ಹೇಳಿದಾಗ ಅಮ್ಮ ಸುಮ್ಮನಾದಳು. ಮತ್ತೆ, "ಇಷ್ಟು ವರ್ಷ ನೀನು ಲೆಕ್ಕ ಹಾಕದೇ ಇದ್ದದ್ದೇ ಒಳ್ಳೆದಿತ್ತು ಮಗಾ" ಹೇಳಿದಳು.

ನನ್ನ ಪ್ರಶ್ನೆ ಇಷ್ಟೇ. ನಮ್ಮ ಆಸುಪಾಸಿನಲ್ಲಿ ಹದಿನೈದು ಇಪ್ಪತ್ತು ಮನೆಯಲ್ಲಿ ಬೀಡಿ ಕಟ್ಟುತ್ತಾರೆ. ಎಲ್ಲರೂ ಒಟ್ಟು ಸೇರಿ ಏನು ಕೇಳಬಹುದು, ಯಾರ ಹತ್ತಿರ ಕೇಳಬೇಕು? ಗೊತ್ತಿದ್ದವರು ಹೇಳಿ.

ಅಡಿಕೆ ತೋಟದವ, ಬದಿಯಡ್ಕ

ತಂಗೀ, ಓದಿ ಬೇಜಾರಾಯ್ತು. ಆದರೆ ಒಂದು ಮಾತು ಕೇಳ್ತೇನೆ, ತಪ್ಪು ತಿಳಿಯಬೇಡ. ನಮ್ಮಲ್ಲಿ ಕೂಲಿ ಕಮ್ಮಿ ಅಂತ ಯಾರು ಹೇಳ್ತಾರೆ? ರಿಸರ್ವ್ ಬ್ಯಾಂಕ್ ಕೊಟ್ಟ 2023-24ರ ಲೆಕ್ಕದಲ್ಲಿ ಕೇರಳದ ಹಳ್ಳಿಯ ಕಟ್ಟಡ ಕೆಲಸದವನಿಗೆ ದಿನಕ್ಕೆ ಸರಾಸರಿ 893 ರೂಪಾಯಿ, ದೇಶದ ಸರಾಸರಿ 417. ಮದ್ದು ಬಿಡಲಿಕ್ಕೆ, ಅಡಿಕೆ ತೆಗೆಯಲಿಕ್ಕೆ ಜನ ಸಿಕ್ಕುವುದೇ ಇಲ್ಲ. ಸಿಕ್ಕಿದರೆ ಅವರು ಹೇಳಿದ್ದೇ ಸಂಬಳ. ಕೊಳೆರೋಗ ಬಂದ ವರ್ಷ ತೋಟದವನ ಕೈಯಲ್ಲಿಯೂ ಏನೂ ಉಳಿಯುವುದಿಲ್ಲ. ಬೀಡಿ ಬಿಟ್ಟು ಬೇರೆ ಕೆಲಸಕ್ಕೆ ಬರಬಹುದಲ್ಲ?

ಬೀಡಿ ಮನೆಯ ಮಗಳು, ಪೈವಳಿಕೆ

ಅಣ್ಣಾ, ತಪ್ಪು ತಿಳಿಯಲಿಲ್ಲ. ನೀವು ಹೇಳಿದ 893 ನನ್ನ ಅಪ್ಪನ ಕೂಲಿ, ಅಮ್ಮನದ್ದಲ್ಲ. ಅಪ್ಪ ಸಾರಣೆ ಕೆಲಸಕ್ಕೆ ಹೋಗುತ್ತಿದ್ದರು. ಮಳೆಗಾಲ ಮೂರು ತಿಂಗಳು ಸರಿಯಾಗಿ ಕೆಲಸ ಇಲ್ಲ. ಈಗ ಸೊಂಟ ಹಿಡಿದು ಮನೆಯಲ್ಲೇ ಇದ್ದಾರೆ. ಅಮ್ಮ ಹೊರಗೆ ಕೆಲಸಕ್ಕೆ ಹೋದರೆ ಅಪ್ಪನನ್ನು ನೋಡುವವರಿಲ್ಲ, ಹಸುವಿಗೆ ಹುಲ್ಲಿಲ್ಲ. ಬೀಡಿ ಹಿಡಿದ ಹೆಂಗಸರಲ್ಲಿ ಹೆಚ್ಚಿನವರು ಇಂಥ ಕಾರಣಕ್ಕೇ ಹಿಡಿದವರು. ಹೊರಗಿನ ಕೂಲಿ ಏರಿದಷ್ಟು ಮನೆಯೊಳಗಿನ ಕೂಲಿ ಏರಲಿಲ್ಲ, ಯಾಕೆಂದರೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ.

ನಿವೃತ್ತ ಗುಮಾಸ್ತ, ಕಾಸರಗೋಡು

ಮಗಳೇ, ನಾನು ಇಪ್ಪತ್ತು ವರ್ಷ ಪಿಎಫ್ ಕಾಗದಪತ್ರ ನೋಡಿದವನು. ನನಗೆ ತಿಳಿದದ್ದು ಹೇಳುತ್ತೇನೆ.

"ನೀವು ಮನೆಯಲ್ಲಿ ಕೂತು ಕಟ್ಟುವವರು, ನಮ್ಮ ಕಾರ್ಮಿಕರಲ್ಲ" ಎಂದು ಬ್ರಾಂಚಿನವರು ಹೇಳಿದರೆ ಒಪ್ಪಬೇಡಿ. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆಯಲ್ಲೇ ಮನೆಯಲ್ಲಿ ಕಟ್ಟುವವರನ್ನು ಕಾರ್ಮಿಕರೆಂದು ಸೇರಿಸಿದ್ದರು. ಬೀಡಿ ಉದ್ಯಮಕ್ಕೆ ಪಿಎಫ್ ಬಂದದ್ದು 1977ರಲ್ಲಿ. ಮನೆಯವರಿಗೆ ಕೊಡಬೇಕಾಗಿಲ್ಲ ಎಂದು ಮಾಲೀಕರು ಸುಪ್ರೀಂ ಕೋರ್ಟಿನ ತನಕ ಹೋದರು. ನಡುವೆ ಗುತ್ತಿಗೆದಾರ ಇದ್ದರೂ ಮನೆಯಲ್ಲಿ ಕಟ್ಟುವವರು ಕಂಪನಿಯ ಕೆಲಸಗಾರರೇ, ಅವರಿಗೂ ಪಿಎಫ್ ಅನ್ವಯಿಸುತ್ತದೆ ಎಂದು 1985ರಲ್ಲಿ ತೀರ್ಪಾಯಿತು. ಬೀಡಿ ಸರಿ ಇದೆಯೋ ಇಲ್ಲವೋ ಎಂದು ನೋಡಿ ತಿರಸ್ಕರಿಸುವ ಹಕ್ಕು ಮಾಲೀಕನ ಕೈಯಲ್ಲಿದೆಯಲ್ಲ, ಕೆಲಸದ ಮೇಲೆ ಹತೋಟಿ ಇದೆ ಎನ್ನಲು ಅದೇ ಸಾಕು ಎಂಬುದು ಅಲ್ಲಿನ ವಾದ. ನಿಮ್ಮ ಅಮ್ಮನ 250 ಬೀಡಿ ಬದಿಗಿಟ್ಟರಲ್ಲ, ಅಮ್ಮ ಅವರ ಕೆಲಸಗಾರ್ತಿ ಎನ್ನುವುದಕ್ಕೆ ಅದೇ ಸಾಕ್ಷಿ.

ಇನ್ನು ಆ 250ರ ಲೆಕ್ಕ. 3,800ಕ್ಕೆ 250 ಎಂದರೆ ನೂರಕ್ಕೆ ಆರೂವರೆ. ಸಾಮಾನ್ಯವಾಗಿ ನೂರಕ್ಕೆ ಐದಕ್ಕಿಂತ ಹೆಚ್ಚು ತಿರಸ್ಕರಿಸಬಾರದು ಎಂದು ಆ ಕಾಯ್ದೆಯಡಿಯ ನಿಯಮಗಳಲ್ಲಿ ಇತ್ತು. ಒಂದು ವಾರದ ಲೆಕ್ಕ ತೋರಿಸಿದರೆ "ಆ ವಾರ ಎಲೆ ಸರಿ ಇರಲಿಲ್ಲ" ಅನ್ನುತ್ತಾರೆ. ಮೂರು ತಿಂಗಳು ಬರೆಯಿರಿ. ಒಬ್ಬರಲ್ಲ, ಹತ್ತು ಮನೆಯವರು ಬರೆಯಿರಿ.

2025 ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು ಹಳೆಯ ಕಾಯ್ದೆಗಳ ಜಾಗದಲ್ಲಿ ಕೂತಿವೆ. ಆದರೆ ಅಮ್ಮನ 31 ವರ್ಷದ ಬಹುಪಾಲು ಹಳೆಯ ಕಾಯ್ದೆಯ ಕಾಲದ್ದು. ಪಿಎಫ್ ಪಾಸ್‌ಬುಕ್ ಉಂಟಾ? ಅದರಲ್ಲಿ ಎಷ್ಟು ವರ್ಷ ತೋರಿಸುತ್ತದೆ? ಅದನ್ನು ಮೊದಲು ನೋಡಿ. ತುಂಬ ಮನೆಗಳಲ್ಲಿ ಒಂದೇ ಬೀಡಿ ಕಾರ್ಡಿನಲ್ಲಿ ಅತ್ತೆ, ಸೊಸೆ, ಮಗಳು ಮೂವರೂ ಕಟ್ಟುತ್ತಾರೆ, ಪಿಎಫ್ ಒಬ್ಬಳ ಹೆಸರಿನಲ್ಲಿ ಮಾತ್ರ. ಅರುವತ್ತು ದಾಟಿದ ಮೇಲೆ ಉಳಿದಿಬ್ಬರಿಗೆ ಏನೂ ಇಲ್ಲ.

ಬೀಡಿ ಮನೆಯ ಮಗಳು, ಪೈವಳಿಕೆ

ಮಾವಾ, ಪಾಸ್‌ಬುಕ್ ನೋಡಿದೆ. 14 ವರ್ಷ ಮಾತ್ರ ತೋರಿಸ್ತದೆ. ಅದಕ್ಕೆ ಮೊದಲು ಅಮ್ಮ ಅಜ್ಜಿಯ ಕಾರ್ಡಿನಲ್ಲಿ ಕಟ್ಟುತ್ತಿದ್ದಳು.

ನಿವೃತ್ತ ಗುಮಾಸ್ತ, ಕಾಸರಗೋಡು

ನಾನು ಹೆದರಿದ್ದೇ ಅದಕ್ಕೆ. ಅಜ್ಜಿಯ ಹಳೆ ಕಾರ್ಡ್, ಬ್ರಾಂಚಿನ ಪುಸ್ತಕ, ಚೀಟಿ, ಏನೇ ಇದ್ದರೂ ಒಲೆಗೆ ಹಾಕಬೇಡಿ. 2014 ಸೆಪ್ಟೆಂಬರಿನಿಂದ ಪಿಎಫ್ ಪಿಂಚಣಿಯ ಕನಿಷ್ಠ ಮೊತ್ತ ತಿಂಗಳಿಗೆ 1,000 ರೂಪಾಯಿ. ಬಹಳ ಸಣ್ಣ ಮೊತ್ತ. ಆದರೂ ಆ ಸಾವಿರಕ್ಕಾಗಿ ಬಸ್ಸು ಹತ್ತಿ ಬರುತ್ತಿದ್ದ ಮುದುಕಿಯರನ್ನು ನಾನು ಕಂಡಿದ್ದೇನೆ. ಕಾಗದ ಇಲ್ಲ ಎಂದು ಹಿಂದೆ ಕಳಿಸಿದವರ ಮುಖ ಈಗಲೂ ಕಣ್ಣಮುಂದೆ ಇದೆ.

ನೀಲೇಶ್ವರದ ಹಳಬ

ಈ ಚರ್ಚೆ ಓದುವಾಗ ಕಣ್ಣೂರಿನಲ್ಲಿ ಬೀಡಿ ಕಟ್ಟುತ್ತಿದ್ದ ನನ್ನ ಸೋದರಮಾವನ ನೆನಪಾಯಿತು. ಈಗಿನವರಿಗೆ ಆ ಕಥೆ ಗೊತ್ತಿರಲಿಕ್ಕಿಲ್ಲ.

1968ರಲ್ಲಿ ಕೇರಳ ಸರಕಾರ ಆ ಬೀಡಿ ಕಾಯ್ದೆಯನ್ನು ಜಾರಿ ಮಾಡಲು ಹೊರಟಾಗ, ರಜೆ ಮತ್ತು ಸವಲತ್ತು ಕೊಡಲು ಮನಸ್ಸಿಲ್ಲದ ದೊಡ್ಡ ಮಾಲೀಕರು ಕಣ್ಣೂರಿನ ಕಡೆಯ ಶೆಡ್ಡುಗಳಿಗೆ ಬೀಗ ಹಾಕಿ ಕೆಲಸವನ್ನು ಗಡಿಯಾಚೆ ಕರ್ನಾಟಕಕ್ಕೆ ಸಾಗಿಸಿದರು. ಸಾವಿರಾರು ಜನ ಒಂದೇ ಸಲ ಬೀದಿಗೆ ಬಿದ್ದರು. ಮಾವನ ಮನೆಯಲ್ಲಿ ಆ ಮಳೆಗಾಲ ಗೆಣಸು ಮತ್ತು ಗಂಜಿ ತಿಳಿಯಲ್ಲಿ ಕಳೆಯಿತು ಎಂದು ಅತ್ತೆ ಹೇಳುತ್ತಿದ್ದರು. 1969ರ ಫೆಬ್ರವರಿಯಲ್ಲಿ ಕಾರ್ಮಿಕರೇ ಸೇರಿ, ಸರಕಾರದ ಸಾಲ ತೆಗೆದುಕೊಂಡು, ಕೇರಳ ದಿನೇಶ್ ಬೀಡಿ ಸಹಕಾರ ಸಂಘ ಕಟ್ಟಿದರು. ಉಚ್ಛ್ರಾಯದ ಕಾಲದಲ್ಲಿ ಅಲ್ಲಿ ಸುಮಾರು 42,000 ಕೆಲಸಗಾರರು ಇದ್ದರು. ಪಿಎಫ್, ಬೋನಸ್, ರಜಾ ಸಂಬಳ, ಎಲ್ಲ ಸಿಗುತ್ತಿತ್ತು.

ಶೆಡ್ಡಿನಲ್ಲಿ ಒಬ್ಬ ಎತ್ತರದ ಜಾಗದಲ್ಲಿ ಕೂತು ಪತ್ರಿಕೆ ಓದುತ್ತಿದ್ದ, ಉಳಿದವರು ಕೇಳುತ್ತ ಕಟ್ಟುತ್ತಿದ್ದರು. ಓದಿದವನ ಪಾಲಿನ ಬೀಡಿಯನ್ನು ಉಳಿದವರು ಕಟ್ಟಿ ಕೊಡುತ್ತಿದ್ದರು. ಮಾವನಿಗೆ ಎರಡನೇ ಕ್ಲಾಸು, ಆದರೆ ಪಾರ್ಲಿಮೆಂಟಿನಲ್ಲಿ ಯಾರು ಏನು ಹೇಳಿದರು ಎಂದು ಬಾಯಿಪಾಠ.

ಎಲ್ಲರೂ ಒಂದು ಮಾಡಿನಡಿ ಕೂತಿದ್ದರಿಂದ ಅದು ಆಯಿತು. ನಿಮ್ಮ ಅಮ್ಮಂದಿರು ಒಬ್ಬೊಬ್ಬರೇ ಜಗಲಿಯಲ್ಲಿ ಕೂತಿದ್ದಾರೆ. ಪಕ್ಕದ ಮನೆಯವಳಿಗೆ ಎಷ್ಟು ರಿಜೆಕ್ಟ್ ಆಯಿತೆಂದು ಇವಳಿಗೆ ಗೊತ್ತಿಲ್ಲ. ಆದುದರಿಂದ ಅವರನ್ನೆಲ್ಲ ವಾರಕ್ಕೊಂದು ಸಲವಾದರೂ ಒಂದು ಕಡೆ ಕೂರಿಸಿ.

ಹೊಸಂಗಡಿಯಿಂದ ದಿನಾ ಬಸ್ಸು

ನಾನು ಬೀಡಿಯವಳಲ್ಲ, ಬಟ್ಟೆ ಅಂಗಡಿಯಲ್ಲಿ ಕೆಲಸ. ಮೊದಲಿನ ಅಂಗಡಿಯಲ್ಲಿ ಬೆಳಿಗ್ಗೆ ಒಂಬತ್ತೂವರೆಯಿಂದ ರಾತ್ರಿ ಎಂಟರ ತನಕ ಕೂರಲಿಕ್ಕೆ ಇಲ್ಲ. ಗಿರಾಕಿ ಇಲ್ಲದಿದ್ದರೂ ನಿಂತೇ ಇರಬೇಕು. ಬಾತ್‌ರೂಮಿಗೆ ಹೋಗಬೇಕಾಗ್ತದೆ ಅಂತ ನೀರು ಕುಡಿಯುತ್ತಿರಲಿಲ್ಲ, ಕಿಡ್ನಿಯಲ್ಲಿ ಕಲ್ಲಾಯ್ತು.

ಕೋಯಿಕ್ಕೋಡಿನ ಮಿಠಾಯಿ ತೆರುವಿನಲ್ಲಿ ವಿಜಿ ಅವರು ಪೆಣ್‌ಕೂಟ್ಟ್ ಅಂತ ಹೆಂಗಸರ ಕೂಟ ಶುರು ಮಾಡಿದ್ದು ಕೇಳಿದ್ದೀರಾ? ಅವರೇ ಟೈಲರಿಂಗ್ ಕೆಲಸದವರು. ಮೊದಲು ಕೇಳಿದ್ದು ಮೂತ್ರ ಮಾಡಲಿಕ್ಕೆ ಜಾಗ, ಮತ್ತೆ ಕೂರಲಿಕ್ಕೆ ಸ್ಟೂಲು. ದೊಡ್ಡ ಯೂನಿಯನಿನವರು ಮೊದಮೊದಲು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಕೊನೆಗೆ 2018ರಲ್ಲಿ ಕೇರಳದ ಅಂಗಡಿ ಕಾನೂನು ತಿದ್ದಿ ಕೂರುವ ಹಕ್ಕು ಬರೆದರು. ಈಗಿನ ಅಂಗಡಿಯಲ್ಲಿ ನನಗೆ ಒಂದು ಪ್ಲಾಸ್ಟಿಕ್ ಸ್ಟೂಲು ಉಂಟು. ನೀಲಿ ಬಣ್ಣದ್ದು. ಮೊದಲ ದಿವಸ ಅದರಲ್ಲಿ ಕೂತಾಗ ಅಳು ಬಂತು, ಸತ್ಯ ಹೇಳ್ತೇನೆ.

ಅಕ್ಕಾ, ಹೆಂಗಸರು ಹತ್ತು ಜನ ಸೇರಿ ಕೇಳಿದರೆ ಆಗ್ತದೆ. ನಿಮ್ಮ ಮೀಟಿಂಗಿಗೆ ನಾನೂ ಬರ್ತೇನೆ.

ಉಪ್ಪಳದ ಓದುಗ

ನನಗೆ ಸ್ವಲ್ಪ ಭಿನ್ನಾಭಿಪ್ರಾಯ ಇದೆ. ಬೀಡಿ ಕ್ಯಾನ್ಸರ್ ತರುವ ವಸ್ತು. ಸೇದುವವರು ವರ್ಷದಿಂದ ವರ್ಷಕ್ಕೆ ಕಮ್ಮಿ. ಕಟ್ಟುವವರ ಎದೆಗೂ ಆ ಪುಡಿ ಹೋಗುತ್ತದೆ, ಅಟ್ಟದಲ್ಲಿ ಮಲಗುವ ಮಕ್ಕಳಿಗೂ ಹೋಗುತ್ತದೆ. ಮುಳುಗುವ ದೋಣಿಗೆ ಯಾಕೆ ಹೊಸ ಹಲಗೆ?

ಬೀಡಿ ಮನೆಯ ಮಗಳು, ಪೈವಳಿಕೆ

ನನಗೂ ಬೀಡಿ ಇಷ್ಟ ಇಲ್ಲ ಅಣ್ಣಾ. ಅಮ್ಮ ರಾತ್ರಿ ಕೆಮ್ಮುವುದು ಕೇಳಿಯೇ ದೊಡ್ಡವಳಾದೆ. ಆದರೆ ದೋಣಿ ಮುಳುಗುವಾಗ ಒಳಗಿದ್ದವರನ್ನು ಬಿಡ್ಲಿಕ್ಕೆ ಆಗ್ತದಾ? 55 ವರ್ಷದ ಹೆಂಗಸಿಗೆ ಬೇರೆ ಕೆಲಸ ಕಲಿಸುವವರು ಯಾರು? ಕಟ್ಟಿದಷ್ಟಕ್ಕೆ ನ್ಯಾಯದ ಕೂಲಿ, ಕೈ ಸೋತ ಮೇಲೆ ಪಿಂಚಣಿ. ಇದು ಬೀಡಿಗೆ ಕೇಳುವುದಲ್ಲ, ಅಮ್ಮನಿಗೆ ಕೇಳುವುದು.

ಕುಂಬಳೆಯ ಹಳೇ ಮಾಷ್ಟ್ರು

ಇಲ್ಲಿ ಎರಡು ಶಬ್ದ ಬೆರೆತುಹೋಗುತ್ತಿವೆ, ಅದನ್ನು ಬಿಡಿಸಿ ನೋಡೋಣ. ಕನಿಷ್ಠ ಕೂಲಿ ಬೇರೆ, ಬದುಕುವ ಕೂಲಿ ಬೇರೆ. ಕನಿಷ್ಠ ಕೂಲಿ ಸರಕಾರ ಗೆಜೆಟ್ಟಿನಲ್ಲಿ ಹಾಕುವ ಅಂಕಿ. ಅದಕ್ಕಿಂತ ಕಡಿಮೆ ಕೊಟ್ಟು ದುಡಿಸಿಕೊಂಡರೆ ಅದು ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಿಟ್ಟಿ ದುಡಿಮೆಗೆ ಸಮ ಎಂದು ದೆಹಲಿಯ ಏಷ್ಯಾಡ್ (ಏಷ್ಯನ್ ಕ್ರೀಡಾಕೂಟ) ಕಾಮಗಾರಿಯ ಕೂಲಿಕಾರರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1982ರಲ್ಲಿ ಹೇಳಿದೆ. ಬದುಕುವ ಕೂಲಿ 43ನೇ ವಿಧಿಯಲ್ಲಿದೆ: ಮರ್ಯಾದೆಯಿಂದ ಬದುಕಿ, ಸ್ವಲ್ಪ ಬಿಡುವೂ ಸಿಗುವಷ್ಟು. ಅದನ್ನು ಯಾವ ಗೆಜೆಟ್ಟೂ ಲೆಕ್ಕ ಹಾಕಿ ಕೊಡುವುದಿಲ್ಲ. ನಾವೇ ಹಾಕಬೇಕು.

ಹೇಗೆ ಹಾಕುವುದು ಎಂಬುದಕ್ಕೆ ದಾರಿ ಇದೆ. 1957ರಲ್ಲಿ ಭಾರತೀಯ ಕಾರ್ಮಿಕ ಸಮ್ಮೇಳನದ 15ನೇ ಅಧಿವೇಶನ ಒಂದು ಅಳತೆ ಕೊಟ್ಟಿತು. ಅದು ಕನಿಷ್ಠ ಕೂಲಿಗೆಂದು ಕೊಟ್ಟದ್ದು, ಆದರೂ ನಮ್ಮ ಲೆಕ್ಕ ಶುರು ಮಾಡಲು ಅದನ್ನೇ ಹಿಡಿಯಬಹುದು. ದುಡಿಯುವವ ಒಬ್ಬ, ಅವನ ಮನೆಯವರು ಸೇರಿ ಮೂರು ಊಟದ ಪಾಲು. ಒಂದು ಪಾಲಿಗೆ ದಿನಕ್ಕೆ 2,700 ಕ್ಯಾಲೊರಿ. ನಾಲ್ಕು ಜನರ ಮನೆಗೆ ವರ್ಷಕ್ಕೆ 72 ಗಜ ಬಟ್ಟೆ. ಮನೆ ಬಾಡಿಗೆ. ಸೌದೆ, ದೀಪ, ಇತರ ಖರ್ಚಿಗೆ ಒಟ್ಟು ಕೂಲಿಯ ನೂರಕ್ಕೆ 20. ಮಕ್ಕಳ ಓದು, ಮದ್ದು, ಮದುವೆ, ಮುಪ್ಪು ಇವಕ್ಕೆಂದು ಇನ್ನೂ ನೂರಕ್ಕೆ 25 ಸೇರಿಸಬೇಕೆಂದು ಸುಪ್ರೀಂ ಕೋರ್ಟ್ 1991ರಲ್ಲಿ ರೆಪ್ಟಕೋಸ್ ಬ್ರೆಟ್ ಎಂಬ ಕಂಪನಿಯ ಪ್ರಕರಣದಲ್ಲಿ ಹೇಳಿತು.

ನೀವು ಗಂಟೆಗೆ ಎಷ್ಟು ಬಿತ್ತು ಎಂದು ಬರೆದಿರಿ, ಅದು ಅರ್ಧ ಲೆಕ್ಕ. ಉಳಿದರ್ಧ ಅಡುಗೆಮನೆಯಲ್ಲಿದೆ. ಹತ್ತು ಮನೆಯವರು ಒಂದು ತಿಂಗಳು ಅಂಗಡಿ ಚೀಟಿ ಕೂಡಿಡಲಿ. ಅಕ್ಕಿ, ಬೂತಾಯಿ, ತೆಂಗಿನೆಣ್ಣೆ, ಗ್ಯಾಸು, ಕರೆಂಟು, ಬಸ್ ಚಾರ್ಜು, ಮಾತ್ರೆ. ಎರಡು ಲೆಕ್ಕವನ್ನೂ ಒಂದೇ ಹಾಳೆಯಲ್ಲಿ ಅಕ್ಕಪಕ್ಕ ಬರೆದು ಗ್ರಾಮಸಭೆಯಲ್ಲಿ ಇಡಿ.

ಅಡಿಕೆ ತೋಟದವ, ಬದಿಯಡ್ಕ

ಮಾಷ್ಟ್ರು ಹೇಳಿದ ಹಾಗೆ ನನ್ನ ಮನೆಯದ್ದೂ ಕೂಡಿ ನೋಡಿದೆ. ತೋಟದವನಾದ ನನಗೇ ತಲೆ ತಿರುಗಿತು. ತಂಗೀ, ಮೊದಲು ಹೇಳಿದ್ದಕ್ಕೆ ಬೇಸರ ಮಾಡಬೇಡ. ನಮ್ಮ ತೋಟಕ್ಕೆ ಅಡಿಕೆ ಹೆಕ್ಕಲು, ಸುಲಿಯಲು ಬರುವ ಹೆಂಗಸರಿಗೆ ಗಂಡಸರ ಸಂಬಳದ ಅರ್ಧಕ್ಕಿಂತ ಸ್ವಲ್ಪ ಮೇಲೆ ಕೊಡುತ್ತಿದ್ದೆ. ಎಲ್ಲರೂ ಕೊಡುವುದು ಅಷ್ಟೇ ಎಂದು ಕೊಡುತ್ತಿದ್ದೆ, ಯೋಚನೆ ಮಾಡಿದ್ದಲ್ಲ. ಈ ಸಲದಿಂದ ಹೆಚ್ಚಿಸಿದ್ದೇನೆ.

ಮುಳ್ಳೇರಿಯದ ಹೆಣ್ಣುಮಗಳು

ತೊಳಿಲುರಪ್ಪಿನ (ಉದ್ಯೋಗ ಖಾತರಿ ಕೆಲಸದ) ಮಾತೂ ಸೇರಿಸಿ. 2025-26ಕ್ಕೆ ಕೇರಳದಲ್ಲಿ ದಿನಕ್ಕೆ 369 ಇಟ್ಟರು. ಕೂಲಿ ಇಷ್ಟೇ ಆದರೂ ಅದು ಖಾತೆಗೆ ಬರ್ತದೆ, ನಮ್ಮ ಹೆಸರಿಗೇ ಬರ್ತದೆ. ಆ ಪಾಸ್‌ಬುಕ್ ಬಂದ ಮೇಲೆಯೇ ನಮ್ಮ ಅತ್ತೆ ಬ್ಯಾಂಕಿನ ಮೆಟ್ಟಿಲು ಹತ್ತಿದ್ದು.

ಎಣ್ಮಕಜೆಯಿಂದ ಒಬ್ಬ ತಾಯಿ

ನನ್ನ ಮಗನಿಗೆ 24 ವರ್ಷ. ಎಂಡೋಸಲ್ಫಾನ್ ಕೀಟನಾಶಕದ ಸಂತ್ರಸ್ತರ ಪಟ್ಟಿಯಲ್ಲಿದ್ದಾನೆ. ಏಳಲಿಕ್ಕೆ ಆಗುವುದಿಲ್ಲ. ತಿನ್ನಿಸುವುದು, ತೊಳೆಯುವುದು, ಮಗ್ಗುಲು ತಿರುಗಿಸುವುದು ಎಲ್ಲ ನಾನೇ. 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ 5 ಲಕ್ಷ ಪರಿಹಾರ ಬಂದಿದೆ, ಆಸ್ಪತ್ರೆ ಸಾಲಕ್ಕೆ ಹೋಯಿತು. ಅವನು ಮಲಗಿದ ಮೇಲೆ ರಾತ್ರಿ ಇನ್ನೂರು ಬೀಡಿ ಕಟ್ಟುತ್ತೇನೆ. ಹೊರಗೆ ಕೆಲಸಕ್ಕೆ ಹೋಗಲು ಉಪಾಯವೇ ಇಲ್ಲ. ಮಾಷ್ಟ್ರೇ, ನಿಮ್ಮ ಹಾಳೆಯಲ್ಲಿ ನನ್ನ ಹಗಲಿನ ಕೆಲಸಕ್ಕೆ ಒಂದು ಗೆರೆ ಇದೆಯಾ?

ಕುಂಬಳೆಯ ಹಳೇ ಮಾಷ್ಟ್ರು

ಇರಲಿಲ್ಲ ತಾಯಿ. 1957ರ ಲೆಕ್ಕದಲ್ಲಿ ಹೆಂಡತಿ ಎಂದರೆ ಉಣ್ಣುವ ಒಂದು ಪಾಲು ಮಾತ್ರ. ನಿಮ್ಮ ಮಾತು ಓದಿದ ಮೇಲೆ ಒಂದು ಕಾಲಂ ಸೇರಿಸಿದ್ದೇನೆ: "ಮನೆಯವರ ಆರೈಕೆಗೆ ಹೋದ ಗಂಟೆ". ಕೇರಳ 2021ರಲ್ಲಿ ಶುರು ಮಾಡಿದ ಅತಿ ಬಡವರ ಗಣತಿಯಲ್ಲಿ 64,006 ಕುಟುಂಬ ಗುರುತಿಸಿ, 2025 ನವೆಂಬರ್ 1ರಂದು ರಾಜ್ಯ ಅತಿ ಬಡತನದಿಂದ ಮುಕ್ತ ಎಂದು ಸಾರಿತು. ಆಹಾರ, ಆರೋಗ್ಯ, ಆದಾಯ, ವಸತಿ ನಾಲ್ಕನ್ನೂ ನೋಡಿ ಮಾಡಿದ ಕೆಲಸ, ಮೆಚ್ಚಬೇಕಾದದ್ದೇ. ಆದರೆ ಆ ಪಟ್ಟಿಗಿಂತ ಒಂದು ಮೆಟ್ಟಿಲು ಮೇಲೆ, ದಿನಾ ದುಡಿದೂ ಸಾಲದೆ ಬರುವವರ ಪಟ್ಟಿಯನ್ನು ಇನ್ನು ಊರಿನವರೇ ಮಾಡಬೇಕು. ಅದರಲ್ಲಿ ನೀವು ಮೊದಲು.

ತಲಪಾಡಿ ಗಡಿಯವ

ಅರ್ಜಿ ಕನ್ನಡದಲ್ಲೇ ಬರೆಯಿರಿ. ಮಲೆಯಾಳ ಬರುವುದಿಲ್ಲವೆಂದು ಯಾರದ್ದೋ ಕೈಯಲ್ಲಿ ಬರೆಸಿ, ಏನು ಬರೆದಿದೆಯೆಂದು ಗೊತ್ತಿಲ್ಲದೆ ಹೆಬ್ಬೆಟ್ಟು ಒತ್ತಿದವರು ನಮ್ಮಲ್ಲಿ ಸುಮಾರು ಜನ. 1969ರ ಕೇರಳ ಅಧಿಕೃತ ಭಾಷಾ ಕಾನೂನಿನಲ್ಲಿ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರಿಗೆ ತಮ್ಮ ಭಾಷೆಯಲ್ಲಿ ಸರಕಾರಕ್ಕೆ ಬರೆಯುವ, ಅದೇ ಭಾಷೆಯಲ್ಲಿ ಉತ್ತರ ಪಡೆಯುವ ಹಕ್ಕಿದೆ. ಬೀಡಿ ದರ ನಿಗದಿಯ ಆದೇಶದ ಕನ್ನಡ ಪ್ರತಿಯನ್ನೂ ಕೇಳಿ. ತನ್ನ ಕೂಲಿ ಎಷ್ಟೆಂದು ಓದಲಿಕ್ಕೆ ಆಗದವಳು ಕಡಿಮೆ ಸಿಕ್ಕಿತೆಂದು ಹೇಳುವುದು ಹೇಗೆ?

ಇನ್ನೊಂದು. ಕಂಪನಿ ಗಡಿಯಾಚೆ ಇದ್ದರೆ "ನಮಗೆ ಕರ್ನಾಟಕದ ದರ" ಅನ್ನುತ್ತಾರೆ. ಕೆಲಸ ನಡೆಯುವುದು ಪೈವಳಿಕೆಯಲ್ಲಿ. ಅಲ್ಲಿಗೆ ಕೇರಳ ನಿಗದಿ ಮಾಡಿದ ದರವೇ.

ಬೀಡಿ ಮನೆಯ ಮಗಳು, ಪೈವಳಿಕೆ

ಎರಡು ತಿಂಗಳ ನಂತರ ಬರೀತಾ ಇದ್ದೇನೆ. ಇಷ್ಟು ಜನ ಬರೆದದ್ದಕ್ಕೆ ಮೊದಲು ಕೃತಜ್ಞತೆ.

ಭಜನಾ ಮಂದಿರದ ಜಗಲಿಯಲ್ಲಿ ಆದಿತ್ಯವಾರ ಮಧ್ಯಾಹ್ನ ಸೇರ್ತಾ ಇದ್ದೇವೆ. ಮೊದಲ ವಾರ ಐದು ಜನ, ಈಗ ಹದಿನಾಲ್ಕು. ಮೂವರು ಬ್ಯಾರಿ ಮನೆಯ ಅಕ್ಕಂದಿರು ಮೊದಲು ಸಂಕೋಚದಿಂದ ಹೊರಗೇ ನಿಂತಿದ್ದರು. ನಮ್ಮ ಅಮ್ಮ ಎದ್ದು ಹೋಗಿ ಕೈ ಹಿಡಿದು ಕರಕೊಂಡು ಬಂದು ಕೂರಿಸಿದಳು. ಎಲ್ಲರೂ ಗೆರಸೆ ತರ್ತಾರೆ. ಕೈ ನಿಲ್ಲಿಸುವ ಹಾಗಿಲ್ಲವಲ್ಲ. ಹತ್ತನೇ ಕ್ಲಾಸಿನ ಒಬ್ಬಳು ಪತ್ರಿಕೆ ಓದ್ತಾಳೆ, ಅವಳ ಅಮ್ಮನ ಪಾಲಿನ ಒಂದು ಕಟ್ಟ ನಾವೆಲ್ಲ ಸೇರಿ ಕಟ್ಟಿ ಕೊಡ್ತೇವೆ. ನೀಲೇಶ್ವರದ ಮಾವಾ, ಅದು ನಿಮ್ಮಿಂದ ಕಲಿತದ್ದು.

ಹದಿನಾಲ್ಕು ಪುಸ್ತಕದಲ್ಲಿ ಹತ್ತರಲ್ಲಿ ರಿಜೆಕ್ಟ್ ನೂರಕ್ಕೆ ಐದು ದಾಟಿತ್ತು. ಕಳೆದ ವಾರ ನಾವು ಆರು ಜನ ಒಟ್ಟಿಗೇ ಬ್ರಾಂಚಿಗೆ ಹೋದೆವು. ಅಡಿಕೆ ತೂಗುವ ಸಣ್ಣ ತಕ್ಕಡಿಯನ್ನು ಬದಿಯಡ್ಕದ ಅಣ್ಣ ಕೊಟ್ಟು ಕಳಿಸಿದ್ದರು. ಕೊಟ್ಟ ಎಲೆಯನ್ನು ಅಲ್ಲೇ, ಅವರ ಎದುರೇ ತೂಗಿದೆವು. ಯಾರೂ ಜೋರು ಮಾತಾಡಲಿಲ್ಲ. ಬ್ರಾಂಚಿನವರು ಸ್ವಲ್ಪ ಹೊತ್ತು ಮುಳ್ಳನ್ನೇ ನೋಡಿದರು, ಮತ್ತೆ ಚೀಲಕ್ಕೆ ಕೈ ಹಾಕಿ ಎರಡು ಹಿಡಿ ಎಲೆ ಹಾಕಿದರು. ಆ ವಾರ ಅಮ್ಮ ಎಲೆಗೆ ದುಡ್ಡು ಕೊಡಲಿಲ್ಲ. ರಿಜೆಕ್ಟ್ ಇನ್ನೂ ಕಮ್ಮಿಯಾಗಿಲ್ಲ.

ಮನೆ ಖರ್ಚಿನ ಹಾಳೆಯೂ ಆಯಿತು. ನಮ್ಮ ಮನೆಯಲ್ಲಿ ಬಾಡಿಗೆ ಇಲ್ಲದೆ ತಿಂಗಳಿಗೆ 14,600. ಅಮ್ಮನ ಬೀಡಿಯಿಂದ ಬರುವುದು 3,500ರ ಒಳಗೆ. ಎಣ್ಮಕಜೆಯ ಅಕ್ಕ ಬರಲಿಕ್ಕೆ ಆಗದೆ ಫೋನಿನಲ್ಲಿ ಹೇಳಿ ಬರೆಸಿದರು. ಅವರ ಆರೈಕೆ ಕಾಲಮಿನಲ್ಲಿ ದಿನಕ್ಕೆ 13 ಗಂಟೆ. ಅದನ್ನು ಬರೆಯುವಾಗ ಜಗಲಿಯಲ್ಲಿ ಯಾರೂ ಮಾತಾಡಲಿಲ್ಲ.

ಲೇಬರ್ ಆಫೀಸಿಗೆ ಕನ್ನಡದಲ್ಲಿ ಅರ್ಜಿ ಕೊಟ್ಟು ಸ್ವೀಕೃತಿ ತೆಗೆದುಕೊಂಡಿದ್ದೇವೆ. ಕೇಳಿದ್ದು ದರದ ಆದೇಶದ ಕನ್ನಡ ಪ್ರತಿ, ಪ್ರತಿಯೊಬ್ಬರಿಗೂ ಬೇರೆ ಕಾರ್ಡ್, ರಿಜೆಕ್ಟ್ ಆದ ಬೀಡಿಗೆ ಬರೆದ ಚೀಟಿ. ಉತ್ತರ ಬಂದ ಕೂಡಲೇ ಇಲ್ಲಿ ಹಾಕ್ತೇನೆ.

ಮುಂದಿನ ಆದಿತ್ಯವಾರ ಮೂರು ಗಂಟೆಗೆ ಗುಮಾಸ್ತ ಮಾವ ಪಿಎಫ್ ಕಾಗದ ನೋಡಲಿಕ್ಕೆ ಬರ್ತಾರೆ. ಮೀಂಜ, ವರ್ಕಾಡಿ ಕಡೆಯವರೂ ಬನ್ನಿ. ಪಾಸ್‌ಬುಕ್, ಆಧಾರ್, ಹಳೇ ಬೀಡಿ ಕಾರ್ಡ್ ತನ್ನಿ. ಗೆದ್ದಲು ತಿಂದದ್ದಾದರೂ ತೊಂದರೆ ಇಲ್ಲ, ನಂಬರ್ ಕಂಡರೆ ಸಾಕು.